ಮಂದು ಅಂದರೆ ಮದ್ದು

ನನಗೆ ತೆಲುಗು ಚೆನ್ನಾಗಿ ಬರುತ್ತದೆ ಎಂದೇ ನಾನು ತಿಳಿದಿದ್ದೆ. ಧಾರವಾಡದಿಂದ ವಿಶಾಖಪಟ್ಟಣಕ್ಕೆ ನಮ್ಮವರಿಗೆ ವರ್ಗವಾದಾಗ ಒಂದು ಮಾತೂ ಗೊತ್ತಿರಲಿಲ್ಲ. ತರಕಾರಿ ಗಾಡಿಯವನು, ಹಾಲಿನವಳು, ಮನೆಗೆಲಸದವಳು ಸೇರಿ ಕಲಿಸಿದರು. ಮಂದು ಅಂದರೆ ಮದ್ದು ಎನ್ನುವುದನ್ನಂತೂ ಯಾರೂ ಕಲಿಸಬೇಕಾಗಿರಲಿಲ್ಲ. ರಸ್ತೆಯ ತುದಿಯಲ್ಲಿ ‘ಮಂದುಲ ಷಾಪು’ ಎಂಬ ಬೋರ್ಡಿತ್ತು, ನಮ್ಮವರ ಬಿಪಿ ಗುಳಿಗೆಯನ್ನು ಅಲ್ಲಿಂದಲೇ ತರುತ್ತಿದ್ದೆ. ಸೊನ್ನೆ ಒಂದು ಹೆಚ್ಚು, ಒತ್ತಕ್ಷರ ಒಂದು ಕಡಿಮೆ, ಅದರಲ್ಲಿ ಕಲಿಯುವುದೇನು ಬಂತು.

ನಮ್ಮವರ ತೆಲುಗಿನ ಕಥೆ ಬೇರೆ. ಬ್ಯಾಂಕಿನಲ್ಲಿ ಅವರದು ಸಾಲದ ವಿಭಾಗ. ಪರವಾಡದ ಫ್ಯಾಕ್ಟರಿಯವರು ಬಂದರೂ, ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳು ಬಂದರೂ ಎದುರಿಗೆ ಕೂರಿಸಿಕೊಂಡು ಅವರವರ ಧಾಟಿಯಲ್ಲೇ ಪ್ರಶ್ನೆ ಕೇಳುತ್ತಿದ್ದರು. ಯಾರು ನಿಜ ಹೇಳುತ್ತಾರೆ, ಯಾರು ಬುರುಡೆ ಬಿಡುತ್ತಾರೆ ಎನ್ನುವುದು ಮುಖ ನೋಡಿದರೇ ತಿಳಿಯುತ್ತದೆ ಎನ್ನುತ್ತಿದ್ದರು. ಅಂಥ ಮನುಷ್ಯ ತಾನೇ ಬುರುಡೆ ಬಿಡಲು ಕೂತರೆ ನನಗೆ ಗೊತ್ತಾಗುವುದಾದರೂ ಹೇಗೆ?

ಕುಡಿಯುತ್ತಾರೆ ಎನ್ನುವುದು ಗೊತ್ತಿತ್ತು, ಅಷ್ಟು ಪೆದ್ದಿಯಲ್ಲ ನಾನು. ಮೊದಲು ಶನಿವಾರ ಮಾತ್ರ ಇತ್ತು, ಆಮೇಲೆ ದಿನಾ ಸಂಜೆ. ಜಗಳ ಆಡಿದೆ, ಮಾತು ಬಿಟ್ಟೆ, ಬಿಟ್ಟದ್ದು ನನಗೇ ಬೇಸರವಾಗಿ ಮತ್ತೆ ಮಾತಾಡಿದೆ. ಕೊನೆಗೊಂದು ಯುಗಾದಿಯಂದು, ಇನ್ನು ಮುಟ್ಟುವುದಿಲ್ಲ ಎಂದು ಅವರೇ ಹೇಳಿದರು. ಮುಟ್ಟಲಿಲ್ಲ ಕೂಡ. ಮೂರನೆಯ ದಿನ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ಉರುಳಿದರು. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ ಬಂತು.

ಆಸ್ಪತ್ರೆಯ ಡಾಕ್ಟರು ನನ್ನನ್ನೇ ಬೈದರು. ಹೀಗೆ ಒಮ್ಮೆಲೇ ಬಿಡಿಸಬಾರದು, ಇನ್ನೊಮ್ಮೆ ಫಿಟ್ಸ್ ಬಂದರೆ ಉಳಿಯುವುದು ಕಷ್ಟ, ಕುಡಿತ ಬಿಡಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂದರು. ಎಷ್ಟು ಕುಡಿಯುತ್ತಾರೆ, ಯಾವ ಹೊತ್ತಿಗೆ, ಎಷ್ಟು ವರ್ಷದಿಂದ ಎಂದು ಅಲ್ಲಿ ಮೊದಲು ಪೂರ್ತಿ ವಿಚಾರಿಸುತ್ತಾರಂತೆ. ಒಳಗೆ ಇಟ್ಟುಕೊಳ್ಳಬೇಕೋ ಮನೆಗೆ ಕಳಿಸಬೇಕೋ ಎನ್ನುವುದು ಆ ಉತ್ತರದ ಮೇಲೆ. ಕುಡಿತ ಕಡಿಮೆ ಎಂದು ಹೇಳಿದರೆ ಕೊಡುವ ಔಷಧವೂ ಕಡಿಮೆ, ಆಮೇಲೆ ಬಿದ್ದರೆ ಯಾರೂ ಹೊಣೆಯಲ್ಲ ಎಂದು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ಸಂಜೆಯದು ಮತ್ತೆ ಶುರುವಾಯಿತು, ಹೆದರಿ ನಾನೂ ತಡೆಯಲಿಲ್ಲ.

ವಿಶಾಖಪಟ್ಟಣದಲ್ಲಿ ಬೇಡ, ಬ್ರಾಂಚಿನವರ ಕಣ್ಣಿಗೆ ಬೀಳುತ್ತೇನೆ ಎಂದು ವಿಜಯವಾಡವನ್ನು ಆರಿಸಿದವರು ನಮ್ಮವರೇ. ಹೊರಡುವ ಬೆಳಿಗ್ಗೆಯೂ ನಾನು ಎಂದಿನಂತೆ ಒಂದು ಕೈಗೆ ಬಿಪಿ ಗುಳಿಗೆ, ಇನ್ನೊಂದು ಕೈಗೆ ಸ್ಟೀಲ್ ಲೋಟದಲ್ಲಿ ನೀರು ಕೊಟ್ಟೆ. ಅವರೂ ಎಂದಿನಂತೆ ಬಾಲ್ಕನಿಗೆ ಹೋಗಿ ಸಮುದ್ರ ನೋಡುತ್ತ ನುಂಗಿ ಬಂದರು. ಆ ಬಾಲ್ಕನಿಯಲ್ಲಿ ನನ್ನ ಕರಿಬೇವಿನ ಕುಂಡವಿತ್ತು. ಸಮುದ್ರದ ಉಪ್ಪುಗಾಳಿಗೆ ಇಡೀ ಅಪಾರ್ಟ್‌ಮೆಂಟಿನಲ್ಲಿ ಯಾರ ಗಿಡವೂ ಉಳಿಯುತ್ತಿರಲಿಲ್ಲ. ನಾನು ನೆನಪಾದಾಗ ಒಂದು ಚೊಂಬು ನೀರು ಹಾಕಿದರೆ ಹೆಚ್ಚು, ಆದರೂ ಅದು ನನ್ನೆತ್ತರಕ್ಕೆ ಬೆಳೆದಿತ್ತು. ನನ್ನ ಕೈಗುಣ ಎಂದು ಬೀಗುತ್ತಿದ್ದೆ.

ಟ್ರೈನಿನಲ್ಲಿ ನನ್ನ ತಲೆಯೊಳಗೆ ಏನೂ ಇರಲಿಲ್ಲ. ಹೆದರಿಕೆ ಕೂಡ ಇರಲಿಲ್ಲ, ಹೆದರಿ ಹೆದರಿ ಅದೂ ಸವೆದುಹೋಗಿತ್ತೋ ಏನೋ. ಇಡ್ಲಿಯವನು ಬಂದಾಗ ಎರಡು ಪೊಟ್ಟಣ ತೆಗೆದುಕೊಂಡು ನನ್ನದನ್ನು ಪೂರ್ತಿ ತಿಂದೆ. ಅವರು ತಮ್ಮದನ್ನು ಬಿಚ್ಚಲೇ ಇಲ್ಲ.

ಕೇಂದ್ರದ ಕಿಟಕಿಯಿಂದ ದೂರಕ್ಕೆ ಇಂದ್ರಕೀಲಾದ್ರಿ ಬೆಟ್ಟ ಕಾಣುತ್ತಿತ್ತು. ಪ್ರಶ್ನೆ ಕೇಳಲು ಕೂತ ಕೌನ್ಸಿಲರ್ ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ನಮ್ಮವರು ಕಾಲ ಮೇಲೆ ಕಾಲು ಹಾಕಿಕೊಂಡು ಉತ್ತರ ಕೊಟ್ಟ ಚೆಂದವನ್ನು ನೋಡಬೇಕಿತ್ತು. ಸಂಜೆ ಮಾತ್ರ, ಅದೂ ಎರಡೇ ಪೆಗ್ಗು, ಬೆಳಗಿನ ಹೊತ್ತು ಮುಟ್ಟಿದ್ದೇ ಇಲ್ಲ. ಫಿಟ್ಸ್ ಬಂದದ್ದು ಬಿಪಿಯಿಂದಿರಬೇಕು. ಕೈ ಮುಂದಕ್ಕೆ ಚಾಚಿ ಎಂದಳು ಆಕೆ. ಚಾಚಿದರು. ಬೆರಳು ಒಂದಿಷ್ಟೂ ನಡುಗಲಿಲ್ಲ. ಹಾಗಿದ್ದರೆ ಒಳಗೆ ಸೇರಿಸುವ ಅಗತ್ಯವಿಲ್ಲವೇನೋ, ಗುಳಿಗೆ ಬರೆಸಿ ಕಳಿಸಬಹುದು ಎಂದು ಆಕೆ ಅಂದಾಗ ನನಗೆ ಆ ಊಟದ ತಟ್ಟೆ, ಆ ನೊರೆ ಕಣ್ಣ ಮುಂದೆ ಬಂದವು. ಮನೆಗೆ ಕರೆದುಕೊಂಡು ಹೋದರೆ ಇವರು ಸಾಯುತ್ತಾರೆ ಎನ್ನಿಸಿತು. ಆದರೆ ಏನೆಂದು ಹೇಳಲಿ, ನನಗೂ ಗೊತ್ತಿದ್ದದ್ದು ಸಂಜೆಯ ಲೆಕ್ಕವಷ್ಟೇ.

ಆಕೆ ನನ್ನ ಕಡೆ ತಿರುಗಿದಳು.

“ಅಮ್ಮಾ, ಮೀರು ಚೆಪ್ಪಂಡಿ. ಪೊದ್ದುನ್ನೇ ಲೇವಗಾನೇ ಮಂದು ವೇಸುಕುಂಟಾರಾ?”

ನೀವು ಹೇಳಿ, ಬೆಳಿಗ್ಗೆ ಎದ್ದ ಕೂಡಲೇ ಮಂದು ತೆಗೆದುಕೊಳ್ಳುತ್ತಾರಾ ಎಂದು. ಸದ್ಯ, ಉತ್ತರ ಗೊತ್ತಿರುವ ಪ್ರಶ್ನೆ ಒಂದಾದರೂ ಬಂತಲ್ಲ. ಹೂಂ, ದಿನಾ ತೆಗೆದುಕೊಳ್ಳುತ್ತಾರೆ, ನಾನೇ ಕೈಗೆ ಕೊಡುತ್ತೇನೆ ಎಂದೆ. ಆಕೆಯ ಪೆನ್ನು ನಿಂತಿತು. ಎಷ್ಟು ದಿನದಿಂದ? ವಿಶಾಖಪಟ್ಟಣಕ್ಕೆ ಬಂದಾಗಿನಿಂದ. ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ತಲೆ ಸುತ್ತುತ್ತದೆ, ಕೈ ನಡುಗುತ್ತದೆ, ಮೈಯೆಲ್ಲ ಬೆವರುತ್ತದೆ, ಅದಕ್ಕೇ ನಾನು ತಪ್ಪಿಸುವುದಿಲ್ಲ. ಇವತ್ತೂ ಕೊಟ್ಟಿರಾ? ಇವತ್ತೂ ಕೊಟ್ಟೇ ಕರೆದುಕೊಂಡು ಬಂದಿದ್ದೇನೆ. ಮೊದಲು ಸಣ್ಣದಿತ್ತು, ಹೋದ ವರ್ಷ ಡಾಕ್ಟರೇ ಹೆಚ್ಚು ಮಾಡಿದರು ಎಂದೂ ಹೇಳಿದೆ.

“ಡಾಕ್ಟರಾ?” ಎಂದಳು.

ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ಆಕೆ ಅದನ್ನು ನೋಡಿ ಕುರ್ಚಿಗೆ ಒರಗಿ ನಕ್ಕುಬಿಟ್ಟಳು. ಇಲ್ಲಿ ಮಂದು ಅಂದರೆ ಔಷಧವೂ ಹೌದು, ಹೆಂಡವೂ ಹೌದು, ನಾನು ಕೇಳಿದ್ದು ಹೆಂಡದ ಮಾತು ಎಂದು ನಿಧಾನವಾಗಿ ತಿಳಿಸಿದಳು. ನನಗೆ ಮೈ ಉರಿಯಿತು. ಬೆಳಗಾಗೆದ್ದು ಗಂಡನ ಕೈಗೆ ಹೆಂಡ ಕೊಡುವವಳ ಹಾಗೆ ಕಾಣುತ್ತೇನಾ ಎಂದು ಬಂದಷ್ಟು ತೆಲುಗಿನಲ್ಲಿ ಜಗಳಕ್ಕೆ ನಿಂತೆ. ನಮ್ಮವರಿಗೆ ಆ ಮಾತಿನ ಎರಡೂ ಅರ್ಥ ಗೊತ್ತಿತ್ತು. ಮೊದಲನೆಯ ಉತ್ತರಕ್ಕೇ ನನ್ನನ್ನು ತಡೆಯಬಹುದಿತ್ತು. ತಡೆಯದೆ, ಕಾಲ ಮೇಲಿನ ಕಾಲು ಕೆಳಗಿಳಿಸಿ ನೆಲ ನೋಡುತ್ತ ಕೂತಿದ್ದರು.

ಆಕೆ ನನ್ನ ಉತ್ತರವನ್ನು ಹೊಡೆದುಹಾಕಲು ಹೊರಟಾಗ ಅವರು ಕೈ ಅಡ್ಡ ಹಿಡಿದು, ಹಾಗೇ ಇರಲಿ ಎಂದು ತೆಲುಗಿನಲ್ಲಿ ಹೇಳಿದರು. ಆಮೇಲೆ ನನ್ನ ಮುಖ ನೋಡದೆ ನನಗೆ ಹೇಳಿದರು.

“ನೀ ಹೇಳಿದ್ದು ಎಲ್ಲಾ ಖರೇನ ಐತಿ. ನೀ ಕೊಟ್ಟ ನೀರು ದಿನಾ ಕರಿಬೇವಿಗೆ ಹಾಕತಿದ್ದೆ. ಅದ ಲೋಟದಾಗ ಬ್ಯಾರೇದು ಹಾಕ್ಕೊಂಡು ಗುಳಿಗಿ ನುಂಗತಿದ್ದೆ.”

“ಇವತ್ತೂ?”

“ಇವತ್ತೂ.”

ಉಳಿದದ್ದನ್ನೆಲ್ಲ ಅವರು ಆಕೆಗೆ ತೆಲುಗಿನಲ್ಲಿ ಹೇಳಿದರು. ವಾಷಿಂಗ್ ಮಷೀನಿನ ಹಿಂದೆ ಬಾಟಲಿ. ನೀರಿನಂತೆ ಕಾಣುವ, ಹೆಚ್ಚು ವಾಸನೆ ಇಲ್ಲದ ಜಾತಿ. ಬೆಳಿಗ್ಗೆ ಅದು ಹೋಗದಿದ್ದರೆ ಸಹಿ ಮಾಡಲು ಕೈ ನಿಲ್ಲುವುದಿಲ್ಲ. ಮಧ್ಯಾಹ್ನ ಕಾರಿನಲ್ಲಿ. ಸಂಜೆಯದು ಬರೀ ನನಗೆ ತೋರಿಸಲಿಕ್ಕೆ ಇದ್ದದ್ದು. ಆಕೆ ಎದ್ದು ಹೋಗಿ ಡಾಕ್ಟರನ್ನು ಕರೆತಂದಳು. ಇಂಥವರನ್ನು ಮನೆಗೆ ಕಳಿಸಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ಮಾತು ನಿಲ್ಲಿಸಿ, ಆಗಲೇ ಒಂದು ಹಾಸಿಗೆ ಕೊಡಿಸಿದರು. ಬಿಪಿ ಗುಳಿಗೆಯ ಪಟ್ಟಿಯನ್ನೂ ನರ್ಸು ನನ್ನ ಕೈಯಿಂದ ಇಸಿದುಕೊಂಡಳು. ಇನ್ನು ನಾವೇ ಕೊಡುತ್ತೇವೆ ಎಂದಳು.

ಅಲ್ಲಿ ನಾನು ಅಳಬೇಕಿತ್ತು, ಇಲ್ಲವೇ ಅವರ ಅಂಗಿ ಹಿಡಿದು ಕೇಳಬೇಕಿತ್ತು. ಎರಡೂ ಆಗಲಿಲ್ಲ. ಒಳಗೆ ಹೋಗುವಾಗ ಅವರು ತಿರುಗಿ ನೋಡಿದರು, ಚಪ್ಪಲಿ ಬಿಟ್ಟು ಹೋಗಿ ಎಂದೆ. ಅಷ್ಟೇ ಬಾಯಿಗೆ ಬಂತು. ವಾಪಸು ಬರುವ ದಾರಿಯುದ್ದಕ್ಕೂ ಕರಿಬೇವಿನದೇ ಯೋಚನೆ. ಊರವರಿಗೆಲ್ಲ ಹಂಚಿದ್ದೆನಲ್ಲ ಆ ಸೊಪ್ಪನ್ನು. ಧಾರವಾಡಕ್ಕೂ ಕಟ್ಟಿಕೊಂಡು ಹೋಗಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ತುಂಬಿಸಿದ ಮೇಲೆ ನೆನಪಾಯಿತು, ಕೊಡಲು ಯಾರೂ ಇಲ್ಲ. ಲೋಟ ಹಿಡಿದುಕೊಂಡೇ ಬಾಲ್ಕನಿಗೆ ಹೋದೆ. ಗಿಡ ತಳತಳ ಅನ್ನುತ್ತಿತ್ತು. ಬುಡಸಮೇತ ಕಿತ್ತು ಕೆಳಗೆ ಒಗೆಯಬೇಕು ಎನ್ನುವಷ್ಟು ಸಿಟ್ಟು ಬಂತು, ಬಂದ ಹಾಗೇ ಹೋಯಿತು. ನೀರನ್ನು ಬುಡಕ್ಕೆ ಹಾಕಿದೆ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿ, ಒಗ್ಗರಣೆಗೆ ನಾಲ್ಕು ಎಸಳು ಬೇಕು ಎಂದಳು. ನಮ್ಮ ಗಿಡ ಮತ್ತೆ ಒಣಗಿತು, ಏನೇ ಹೇಳಿ ಅತ್ತಿಗೆ, ನಿಮ್ಮ ಕೈಯೇ ಕೈ ಎಂದು ತೆಲುಗಿನಲ್ಲಿ ಹೊಗಳಿದಳು.

“ನಾದಿ ಕಾದು,” ಎಂದೆ. “ಮಾವಾರಿದಿ.”

ನನ್ನದಲ್ಲ, ನಮ್ಮವರದು ಎಂದು. ಆಕೆ ನಕ್ಕಳು. ನಾನು ಒಂದು ರೆಂಬೆಯನ್ನೇ ಮುರಿದು ಕೊಟ್ಟೆ.