ನಮ್ಮ ಎಮ್ಮೆ ಆ ಸಿನಿಮಾ ನೋಡಿರಲಿಲ್ಲ

ನಾವು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಹಿತ್ತಲಲ್ಲಿ ಅತ್ತೆಯವರ ಎಮ್ಮೆ ಇತ್ತು. ಅವರನ್ನು ಬಿಟ್ಟು ಯಾರಿಗೂ ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ನನ್ನನ್ನಂತೂ ಮದುವೆಯಾಗಿ ಬಂದ ದಿನದಿಂದಲೂ ಸವತಿಯಂತೆ ನೋಡುತ್ತಿತ್ತು. ಆ ವರ್ಷ ಅದರ ಕರು ಹುಟ್ಟಿದ ವಾರದಲ್ಲೇ ಸತ್ತುಹೋಯಿತು. ಕರುವಿಲ್ಲದೆ ಎಮ್ಮೆ ಹಾಲು ಇಳಿಸುವುದಿಲ್ಲವಲ್ಲ. ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿಸಿ, ಹಿಂಡುವಾಗ ಮುಂದೆ ನಿಲ್ಲಿಸುತ್ತಿದ್ದೆವು. ಅದು ನೆಕ್ಕುತ್ತ ನಿಂತರೆ ಅತ್ತೆ ತಂಬಿಗೆ ತುಂಬಿಸಿಕೊಂಡು ಬರುತ್ತಿದ್ದರು. ನನ್ನ ವರ್ಷದ ಮಗಳು ಆ ಹಾಲನ್ನಷ್ಟೇ ಕುಡಿಯುತ್ತಿದ್ದಳು. ಬೇರೆ ಏನು ಬಾಯಿಗಿಟ್ಟರೂ ನನ್ನ ಸೀರೆಯ ಮೇಲೆ ಉಗುಳುತ್ತಿದ್ದಳು.

ನಾದಿನಿಯ ಬಾಣಂತನಕ್ಕೆಂದು ಅತ್ತೆ ಚಿಂಚೋಳಿಗೆ ಹೊರಟರು. ನನ್ನ ಗಂಡನ ಕೈಗೆ ತಮ್ಮ ಹಳೆಯ ಸೀರೆ ಕೊಟ್ಟು, ಇದನ್ನು ಉಟ್ಟುಕೊಂಡು ಹಿಂಡು, ವಾಸನೆಗೆ ನಾನೇ ಅಂದುಕೊಳ್ಳುತ್ತದೆ ಎಂದರು. ನಮ್ಮ ಕಡೆ ಇದೇನು ಹೊಸದಲ್ಲ. ಹೆಂಡತಿ ಊರಿಗೆ ಹೋದರೆ ಮೀಸೆಯ ಗಂಡಸರೂ ಸೀರೆ ಸುತ್ತಿಕೊಂಡು ಕೊಟ್ಟಿಗೆಗೆ ಹೋಗುವವರೇ. ತಾಯಿಯನ್ನು ಬಸ್ಸು ಹತ್ತಿಸಿದ ಮಹರಾಯರು ನೆಟ್ಟಗೆ ಮನೆಗೆ ಬರಬೇಕೋ ಬೇಡವೋ? ಗೆಳೆಯರ ಜೊತೆ ಶಹಾಬಾದಿಗೆ ಇಂಗ್ಲಿಷ್ ಸಿನಿಮಾ ನೋಡಲು ಹೋದರು.

ಅದರಲ್ಲಿ ಒಂದು ಊರಿನ ದನ, ನಾಯಿ, ಕುದುರೆಗಳಿಗೆಲ್ಲ ಬುದ್ಧಿ ಬಂದು, ಸಭೆ ಸೇರಿ, ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತವಂತೆ. ಇವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು, ಆದರೂ ದನಗಳ ಮಾತೆಲ್ಲ ತಿಳಿದಿತ್ತು. ಮೊದಲು ಅವು ಸುಮ್ಮನೆ ನಿಂತು ದಿಟ್ಟಿಸುತ್ತವೆ, ಆಮೇಲೆ ಹಾಯುತ್ತವೆ ಎಂದು ನನಗೆ ವಿವರಿಸಿದರು.

ಮರುದಿನ ಬೆಳಗ್ಗೆ ಸೀರೆ ಉಟ್ಟು, ತಂಬಿಗೆ ಹಿಡಿದು ಹೋದರು. ಎಮ್ಮೆ ತಿರುಗಿ ದಿಟ್ಟಿಸಿತು. ಎಮ್ಮೆ ಇನ್ನೇನು ಮಾಡಬೇಕು? ಇವರು ನೆರಿಗೆ ತುಳಿಯುತ್ತ ಓಡಿಬಂದು ಬಾಗಿಲಿಗೆ ಅಗಳಿ ಹಾಕಿದರು. ಅತ್ತು ಅತ್ತು ಮಗಳ ದನಿ ಬಿದ್ದುಹೋಯಿತು. ಗಂಜಿ ಕೊಟ್ಟೆ, ಉಗುಳಿದಳು. ಕೊನೆಗೆ ನಾನೇ ಹಿಂಡಲು ಹೋದೆ. ಒದೆ ತಿಂದು ಬಂದೆ.

"ಒಂದು ಎಮ್ಮಿಗಿ ಇಷ್ಟ್ಯಾಕ ಅಂಜಲಿಕತ್ತೀರಿ?" ಎಂದು ಗಂಡನನ್ನು ಕೇಳಿದೆ.

ಅವರು ತಲೆ ತಗ್ಗಿಸಿದರು. "ಅದಕ್ಕ ಖರೇನೇ ಬುದ್ಧಿ ಇದ್ರ? ಹುಲ್ಲಿನ ಕರ ಮುಂದಿಟ್ಟು ದಿನಾ ಮೋಸ ಮಾಡೀವಿ. ಅದು ನಮ್ಮನ್ನ ಯಾಕ ಬಿಡ್ತದ ಹೇಳು."

ನಗಬೇಕೆಂದರೂ ಆಗಲಿಲ್ಲ. ಕರು ಸತ್ತ ದಿನ ಅದು ಅರಚಿದ್ದು ನನಗೂ ನೆನಪಿತ್ತು.

ಸಂಜೆ ಮಗಳ ಅಳು ಕೇಳಲಾರದೆ ಅವರು ಮತ್ತೆ ಸೀರೆ ಉಟ್ಟು, ಸೆರಗು ಹೊದ್ದರು. ಹುಲ್ಲಿನ ಕರುವನ್ನು ಮೂಲೆಗೆ ಸರಿಸಿ, ಅದರ ಜಾಗದಲ್ಲಿ ತಾವು ಕುಕ್ಕರಗಾಲಲ್ಲಿ ಕೂತು, ಎಮ್ಮೆಗೆ ಕೈಮುಗಿದು, "ತಪ್ಪಾಯ್ತವ್ವಾ, ಹೊಟ್ಟಿಗಿ ಹಾಕ್ಕೋ" ಎಂದರು. ಎಮ್ಮೆ ಮೂಸಿತು. ಆಮೇಲೆ ಅವರ ತಲೆಯನ್ನು ಸೆರಗಿನ ಸಮೇತ ನೆಕ್ಕತೊಡಗಿತು. ಅವರು ಕಣ್ಣು ಮುಚ್ಚಿಕೊಂಡು ಕೂತೇ ಇದ್ದರು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕಿದ್ದು ಕಂಡು ನಾನು ತಂಬಿಗೆ ಹಿಡಿದು ಓಡಿದೆ. ಆವತ್ತು ಸವತಿ ನನ್ನನ್ನು ಒದೆಯಲಿಲ್ಲ. ಅತ್ತೆ ಬರುವವರೆಗೂ ನಮ್ಮ ಮನೆಯ ರೈಲ್ವೆ ನೌಕರರು ಹೊತ್ತುಹೊತ್ತಿಗೆ ಕರುವಾಗಿ ಕೂತರು.

ಕೆಲವು ವರ್ಷಗಳ ಮೇಲೆ ಸೇಡಂನ ಟೆಂಟಿಗೆ ಅಂಥದೇ ಸಿನಿಮಾ ಬಂತು, ನಾನೂ ಹೋದೆ. ದನಗಳು ನಾಯಕನ ಮನೆಯ ಬಾಗಿಲಿಗೆ ಗುದ್ದುವಾಗ ಟೆಂಟಿಗೆ ಟೆಂಟೇ ಚೀರಿತು. ನಮ್ಮವರು ಮಾತ್ರ ನನ್ನ ಕಡೆ ಬಾಗಿ, "ಬಾಗ್ಲಾ ತೆಗದು ಅವುಗಳ ಮುಂದ ಕುಂದ್ರಲಿ. ನೆಕ್ಕಿ ಬಿಟ್ಟುಬಿಡ್ತಾವ" ಎಂದರು.