ಕುಡಿಯದವರ ಲಿವರ್

ಎಪ್ಪತ್ತರ ದಶಕದ ನಡುವಿನ ಮಾತು. ಸೊಲ್ಲಾಪುರದಲ್ಲಿ ನಮ್ಮ ಯಜಮಾನರದು ಚಾದರದ ಅಂಗಡಿ. ದಪ್ಪ ಮೈ, ಸಿಹಿಯೆಂದರೆ ಜೀವ. ನಲವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಆ ಬೇಸಿಗೆಯಲ್ಲಿ ಬಲಪಕ್ಕೆಯ ಕೆಳಗೆ ಭಾರ ಎನ್ನತೊಡಗಿದರು. ಅಂಗಡಿಯ ಮೂರು ಮೆಟ್ಟಿಲು ಹತ್ತಿ ಕುಳಿತುಬಿಡುತ್ತಿದ್ದರು. ನಾನೇ ಹಟ ಹಿಡಿದು ಡಾಕ್ಟರರ ಬಳಿ ಕರೆದುಕೊಂಡು ಹೋದೆ.

ಡಾಕ್ಟರರು ಹೊಟ್ಟೆ ಒತ್ತಿ ನೋಡಿ ಲಿವರ್ ಊದಿದೆ ಎಂದರು. ಎಷ್ಟು ದಾರೂ ಕುಡಿಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ನಮ್ಮವರು ನಕ್ಕರು.

"ದಾರೂ? ನಾ ಎಲಿ-ಅಡಿಕಿ ಸುದ್ದಾ ಹಾಕಂಗಿಲ್ರಿ ಸಾಹೇಬ್ರ."

ಡಾಕ್ಟರರು ನಗಲಿಲ್ಲ. ಎಲ್ಲರೂ ಹೀಗೇ ಹೇಳುತ್ತಾರೆ, ತಾಯಿ, ನೀವೇ ಲಕ್ಷ್ಯ ಇಡಿ ಎಂದು ನನ್ನ ಕಡೆ ತಿರುಗಿದರು. ಬಿ ವಿಟಮಿನ್ ಗುಳಿಗೆ, ಹಳದಿ ಎಣ್ಣೆ ತುಂಬಿದ ಇ ವಿಟಮಿನ್ ಗುಳಿಗೆ ಬರೆದುಕೊಟ್ಟರು.

ಹದಿನೆಂಟು ವರ್ಷ ಸಂಸಾರ ಮಾಡಿದವಳು ನಾನು. ಆದರೂ ಆ ಮಾತು ನನ್ನೊಳಗೆ ಇಳಿಯಿತು. ವ್ಯಾಪಾರಕ್ಕೆಂದು ವಾರಕ್ಕೊಮ್ಮೆ ದುಧನಿ ಪೇಟೆಗೆ ಹೋಗುತ್ತಿದ್ದರಲ್ಲ, ಅಲ್ಲಿ ಯಾರ ಜೊತೆ ಕೂಡುತ್ತಾರೋ ಎನಿಸಿತು. ಅವರ ಚೀಲ ತಡಕಿದೆ. ಕಳಚಿಟ್ಟ ಅಂಗಿ ಮೂಸಿದೆ. ಮಧ್ಯಾಹ್ನ ಅವರು ಮಲಗಿದಾಗ ಬಾಯಿಯ ಹತ್ತಿರ ಬಗ್ಗಿ ವಾಸನೆ ನೋಡಿದೆ. ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಸಂಶಯ ಹೆಚ್ಚಿತು.

ಅತ್ತೆಗೆ ಹೇಳಿದ್ದೂ ನಾನೇ. ಅವರು ಮಗನನ್ನು ಅಕ್ಕಲಕೋಟೆಗೆ ಎಳೆದುಕೊಂಡು ಹೋದರು. ಗುಡಿಯ ಆಲದ ಮರದ ಕೆಳಗೆ ನಿಲ್ಲಿಸಿ, "ಇನ್ನ ಮುಟ್ಟಂಗಿಲ್ಲ ಅಂತ ಆಣಿ ಮಾಡು" ಎಂದರು.

"ಅವ್ವಾ, ಮುಟ್ಟಿದ್ದರ ಬಿಡತೀನಿ ಅಂತಿದ್ದೆ. ನಾ ಏನ್ ಬಿಡಲಿ?"

ಅತ್ತೆ ಅಳತೊಡಗಿದರು. ಸುತ್ತ ಜನ ನಿಂತರು, ಅವರಲ್ಲಿ ನಮ್ಮ ಪರಿಚಯದವರೂ ಇದ್ದರು. ಕೊನೆಗೆ ತಾಯಿಯ ಕಣ್ಣೀರು ನೋಡಲಾರದೆ ಕೈ ಮುಂದೆ ಮಾಡಿ ಆಣೆ ಇಟ್ಟರು. ಅಂದಿನಿಂದ ಅವರು ಕುಡುಕರೆಂದು ಊರೇ ನಂಬಿತು.

ಮೈ ಇಳಿಯುತ್ತ ಹೋಯಿತು, ಹೊಟ್ಟೆ ಮಾತ್ರ ಉಬ್ಬಿತು. ಔಷಧ ಅಂತ ಕೈಯಲ್ಲಿದ್ದದ್ದು ಆ ಹಳದಿ ಗುಳಿಗೆಗಳೇ. ಒಂದರಿಂದ ಆಗದ್ದು ಎರಡರಿಂದ ಆದೀತೆಂದು ಎರಡು ಕೊಟ್ಟೆ, ಆಮೇಲೆ ಮೂರು. ಅವರು ಏನೂ ಕೇಳದೆ ನುಂಗಿದರು. ಕಣ್ಣು ಹಳದಿಯಾದಾಗ ಪುಣೆಗೆ ಕರೆದೊಯ್ದೆವು. ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಲಿವರಿನ ಚೂರು ತೆಗೆದು ಪರೀಕ್ಷಿಸಿದರು. ಅಲ್ಲಿನ ಲೇಡಿ ಡಾಕ್ಟರು ವಿಜಾಪುರದ ಕಡೆಯವರು. ನನ್ನನ್ನು ಕೂರಿಸಿಕೊಂಡು ಹೇಳಿದರು:

"ಲಿವರ್‌ನ್ಯಾಗ ಕೊಬ್ಬು ತುಂಬೇದರಿ. ಕುಡಿಯವ್ರಿಗೆ ಹಿಂಗ ಆಗತದ, ಖರೆ. ಆದ್ರ ಸಕ್ಕರಿ ರೋಗ ಇದ್ದವ್ರಿಗೆ, ದಪ್ಪ ಇದ್ದವ್ರಿಗೆ, ಒಂದು ಹನಿ ಕುಡೀದಿದ್ರೂ ಆಗತದ. ಇವ್ರು ಕುಡಿಯಂಗಿಲ್ಲ ಅಂತಾರ. ನಾ ನಂಬತೀನಿ."

"ಔಷಧ ಏನರಿ?"

"ಮೊದಲಽ ತೂಕ ಇಳಿಸಿದ್ದರ ಏನರ ಆಗತಿತ್ತೇನೋ. ಇದಕ್ಕಂತ ಔಷಧ ಇಲ್ರಿ ಅಕ್ಕಾ."

"ವಿಟಮಿನ್ ಗುಳಿಗಿ ಕೊಡಾಕತ್ತೀನಲ್ರಿ? ದಿನಾ ಮೂರು."

"ಒಂದಽ ಸಾಕು. ಅದರಿಂದ ಗುಣ ಆಗತದ ಅಂತ ನಾ ಹೇಳಲಾರೆ."

ವಾಪಸು ಬರುವಾಗ ರೈಲಿನಲ್ಲಿ ಯಜಮಾನರ ಪಾದ ಹಿಡಿದು, ತಪ್ಪಾಯಿತೆಂದು ಅತ್ತುಬಿಟ್ಟೆ.

"ನೀ ನನ್ನ ಬಾಯಿ ಮೂಸತಿದ್ದಿ. ಎಚ್ಚರಽ ಇರತಿದ್ದೆ. ನಿನಗ ಸಮಾಧಾನ ಆಗಲಿ ಅಂತ ಸುಮ್ಮನಿದ್ದೆ" ಎಂದರು. ಸಿಟ್ಟಿನಿಂದ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊರಿಗೆ ಬಂದು ಡಾಕ್ಟರರ ಮಾತನ್ನು ಅತ್ತೆಗೂ ಹೇಳಿದೆ. ಯಜಮಾನರು ಎರಡು ತಿಂಗಳೂ ಬದುಕಲಿಲ್ಲ. ತಿಥಿಯ ದಿನಕ್ಕೆ ಬಂದ ಹಿರಿಯ ಸಂಬಂಧಿಕರೊಬ್ಬರು ಊಟದ ಪಂಕ್ತಿಯಲ್ಲಿ, "ಕುಡಿಯೂದು ಬಿಟ್ಟಿದ್ದರ ಇನ್ನೂ ಇರತಿದ್ದ" ಎಂದರು. ನಾನು ಒಳಗಿನಿಂದ ಆಸ್ಪತ್ರೆಯ ಕಾಗದ ತಂದೆ. ಅದು ಇಂಗ್ಲಿಷಿನಲ್ಲಿತ್ತು, ಅಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅತ್ತೆ ಬಡಿಸುತ್ತಿದ್ದ ಪಾತ್ರೆ ಕೆಳಗಿಟ್ಟರು.

"ನನ್ನ ಮಗ ಕುಡೀತಿದ್ದಿಲ್ಲ. ಸುಳ್ಳು ಆಣಿ ನಾನಽ ಮಾಡಿಸೀನಿ."

ಆ ಹಿರಿಯರು "ಆಯ್ತು, ಆಯ್ತು, ಕೂಡ್ರಿ" ಎಂದು ಸಮಾಧಾನ ಹೇಳಿದರು. ಮಗನ ತಪ್ಪು ಮುಚ್ಚುವ ತಾಯಿಯೆಂದು ಅವರ ಮುಖವೇ ಹೇಳುತ್ತಿತ್ತು. ಅತ್ತೆ ಮತ್ತೆ ಪಾತ್ರೆ ಎತ್ತಿಕೊಂಡು ಅವರ ಎಲೆಗೆ ಅನ್ನ ಬಡಿಸಿದರು.