ಅರವತ್ತೆಂಟಕ್ಕೆ ಔಟ್ ಆಫ್ ಔಟ್

ಗೆಳೆಯರೇ, ನಮ್ಮನೆಯ ಇವತ್ತಿನ ಪ್ರಹಸನ ಕೇಳಿ. ಅಮೆರಿಕದ ಹೈಸ್ಕೂಲಿನಲ್ಲೇ ಕಾಲೇಜಿನ ಕ್ರೆಡಿಟ್ ಸಿಗುವ ಎಪಿ ಕೆಮಿಸ್ಟ್ರಿ ಪರೀಕ್ಷೆ ಬರೆದು ಬಂದ ಮಗಳು, ಎಷ್ಟು ಬರಬಹುದೆಂದು ಕಂಪ್ಯೂಟರಿನಲ್ಲಿ ಅಂದಾಜು ಹಾಕುತ್ತಿದ್ದಳು. ನೂರಕ್ಕೆ ಅರವತ್ತೆಂಟು ಎಂದು ಕಂಡದ್ದೇ ನನ್ನ ಗಂಡನ ಮುಖ ಬಾಡಿತು.

"ಅರವತ್ತೆಂಟಾ? ನಮ್ ಮೈಸೂರಲ್ಲಿ ಇಷ್ಟಕ್ಕೆ ಯಾವ ಸೀಟೂ ಸಿಗ್ತಿರ್ಲಿಲ್ಲ ಕಣೇ!"

"ರಿಲ್ಯಾಕ್ಸ್, ಅಪ್ಪಾ. ದಟ್ಸ್ ಎ ಫೈವ್. ರಿಸಲ್ಟ್ ಕೊಡೋದು ಒಂದರಿಂದ ಐದರವರೆಗೆ, ಐದೇ ಹೈಯೆಸ್ಟ್" ಎಂದಳು ಮಗಳು. ಇವರು ನಂಬಲಿಲ್ಲ.

ಅಷ್ಟರಲ್ಲಿ ಪಕ್ಕದ ಊರು ಕ್ಯಾರಲ್ಟನ್ನಿನ ಗೆಳೆಯರ ಫೋನ್ ಬಂತು. ಅದೇ ಪರೀಕ್ಷೆ ಬರೆದ ಅವರ ಮಗನ ಅಂದಾಜು ನಾಲ್ಕಂತೆ. ಇವರು ಗಂಟಲು ಸರಿಮಾಡಿಕೊಂಡು, "ನಮ್ಮವಳ್ದು ಐದಕ್ಕೆ ಐದು ಸಾರ್, ಔಟ್ ಆಫ್ ಔಟ್!" ಎಂದರು.

ರಿಸಲ್ಟ್ ಬರುವುದು ಜುಲೈಯಲ್ಲಿ. ಕೇಸರಿಬಾತ್ ಮಾತ್ರ ಇವತ್ತೇ ಆಗಬೇಕಂತೆ. ಸಕ್ಕರೆಯನ್ನು ನಾನೂ ಅಂದಾಜಿನಲ್ಲೇ ಹಾಕಿದ್ದೇನೆ.